ಎರಡು ಸದನಗಳ ವ್ಯವಸ್ಥೆ ಮತ್ತು ಗ್ರಾಮ ಪಂಚಾಯತಿ ಸದಸ್ಯರ ಮತ

ಹಾನಗಲ್ ತಾಲ್ಲೂಕಿನ ಮತದಾರರು ಲೋಕಸಭೆಗೆ, ವಿಧಾನಸಭೆಗೆ ಮತ್ತು ಪಂಚಾಯತಿಗೆ ಮತ ನೀಡುತ್ತಾರೆ. ಅದೇ ಊರಿನಿಂದ ಗ್ರಾಮ ಪಂಚಾಯತಿಗೆ ಆಯ್ಕೆಯಾದ ಸದಸ್ಯರಿಗೆ ಇವುಗಳಲ್ಲದೆ ಇನ್ನೊಂದು ಮತವೂ ಉಂಟು. ರಾಜ್ಯದ ಮೇಲ್ಮನೆಯಾದ ವಿಧಾನ ಪರಿಷತ್ತಿಗೆ ಧಾರವಾಡ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ಇಬ್ಬರನ್ನು ಆರಿಸುವ ಮತವದು. ಮೇಲ್ಮನೆಯು ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎಂಬುದನ್ನು ಅರಿತ ಸದಸ್ಯರಿಗೆ ಮಾತ್ರ ಈ ಮತದ ಬೆಲೆ ತಿಳಿದೀತು.

ಸಂಸತ್ತಿನ ರಚನೆ

ಸಂವಿಧಾನದ 79ನೇ ಅನುಚ್ಛೇದದಂತೆ ರಾಷ್ಟ್ರಪತಿ, ರಾಜ್ಯಸಭೆ ಮತ್ತು ಲೋಕಸಭೆ ಇವು ಮೂರೂ ಸೇರಿ ಸಂಸತ್ತು. ಲೋಕಸಭೆಯ 543 ಸದಸ್ಯರನ್ನು ಜನರು ನೇರವಾಗಿ ಆರಿಸುತ್ತಾರೆ. ಅದರಲ್ಲಿ ಕರ್ನಾಟಕದ ಪಾಲು 28. ಹಾನಗಲ್ ಮತ್ತು ಹಿರೇಕೆರೂರು ವಿಧಾನಸಭಾ ಕ್ಷೇತ್ರಗಳು ಹಾವೇರಿ ಲೋಕಸಭಾ ಕ್ಷೇತ್ರಕ್ಕೆ ಸೇರಿದ್ದರೆ, ಇದೇ ಜಿಲ್ಲೆಯ ಶಿಗ್ಗಾಂವಿ ವಿಧಾನಸಭಾ ಕ್ಷೇತ್ರವು ಧಾರವಾಡ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ. ಸಂಸದರಿಗೆ ಮನವಿ ಸಲ್ಲಿಸುವಾಗ ಈ ವ್ಯತ್ಯಾಸವನ್ನು ಮರೆಯುವುದುಂಟು.

ರಾಜ್ಯಸಭೆಯ ಸದಸ್ಯರ ಸಂಖ್ಯೆ 245. ಇವರಲ್ಲಿ 12 ಮಂದಿಯನ್ನು ರಾಷ್ಟ್ರಪತಿಗಳು ನಾಮಕರಣ ಮಾಡುತ್ತಾರೆ. ಕರ್ನಾಟಕದಿಂದ ಹೋಗುವ 12 ಮಂದಿಯನ್ನು ವಿಧಾನಸಭೆಯ ಚುನಾಯಿತ ಸದಸ್ಯರು ಆರಿಸುತ್ತಾರೆ. ಲೋಕಸಭೆಯು ವಿಸರ್ಜನೆಯಾಗಬಹುದು, ರಾಜ್ಯಸಭೆಗೆ ವಿಸರ್ಜನೆಯಿಲ್ಲ. ಅಲ್ಲಿನ ಸದಸ್ಯರ ಅವಧಿ ಆರು ವರ್ಷ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗದಷ್ಟು ಸದಸ್ಯರು ನಿವೃತ್ತರಾಗುತ್ತಾರೆ. ಲೋಕಸಭಾ ಸದಸ್ಯರು ತಮ್ಮ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯ ಕಾಮಗಾರಿಗಳನ್ನು ಮುಖ್ಯವಾಗಿ ತಮ್ಮ ಕ್ಷೇತ್ರಕ್ಕೆ ಶಿಫಾರಸು ಮಾಡಿದರೆ, ರಾಜ್ಯಸಭಾ ಸದಸ್ಯರು ತಾವು ಆಯ್ಕೆಯಾದ ರಾಜ್ಯದ ಯಾವ ಜಿಲ್ಲೆಗಾದರೂ ಶಿಫಾರಸು ಮಾಡಬಹುದು.

ಹಣದ ವಿಷಯದಲ್ಲಿ ಕೆಳಮನೆಯೇ ಬಲಶಾಲಿ. ಧನ ವಿಧೇಯಕವು ಲೋಕಸಭೆಯಲ್ಲಿಯೇ ಮಂಡನೆಯಾಗಬೇಕು. ರಾಜ್ಯಸಭೆಯು ಅದನ್ನು 14 ದಿನಗಳೊಳಗೆ ಹಿಂದಿರುಗಿಸಬೇಕು. ಅದರ ಶಿಫಾರಸನ್ನು ಒಪ್ಪುವುದೂ ಬಿಡುವುದೂ ಲೋಕಸಭೆಗೆ ಸೇರಿದ್ದು. ಸಾಮಾನ್ಯ ವಿಧೇಯಕದ ಬಗ್ಗೆ ಸದನಗಳು ಒಪ್ಪದಿದ್ದಲ್ಲಿ ಜಂಟಿ ಅಧಿವೇಶನ ಕರೆಯಲು ಅವಕಾಶವಿದೆ. 1961, 1978 ಮತ್ತು 2002ರಲ್ಲಿ, ಒಟ್ಟು ಮೂರು ಬಾರಿ ಮಾತ್ರ, ಹೀಗೆ ವಿಧೇಯಕಗಳು ಅಂಗೀಕಾರವಾದವು. ಸಂವಿಧಾನದ ತಿದ್ದುಪಡಿಗೆ ಮಾತ್ರ ಈ ದಾರಿಯಿಲ್ಲ. ಪ್ರತಿಯೊಂದು ಸದನವೂ ಪ್ರತ್ಯೇಕವಾಗಿ, ಒಟ್ಟು ಸದಸ್ಯರ ಬಹುಮತದಿಂದ ಹಾಗೂ ಹಾಜರಿದ್ದು ಮತ ನೀಡಿದವರ ಮೂರನೇ ಎರಡರಷ್ಟು ಬಹುಮತದಿಂದ ಅದನ್ನು ಅಂಗೀಕರಿಸಬೇಕು.

ಪಂಚಾಯತಿಗಳು ಸೋತ ದಿನ, ಗೆದ್ದ ದಿನ

ಈ ನಿಯಮದ ಬಿಸಿ ತಟ್ಟಿದ್ದು ಪಂಚಾಯತಿಗಳಿಗೇ. ಪಂಚಾಯತಿಗಳಿಗೆ ಸಾಂವಿಧಾನಿಕ ಸ್ಥಾನ ನೀಡುವ 64ನೇ ತಿದ್ದುಪಡಿ ವಿಧೇಯಕವನ್ನು ರಾಜೀವ್ ಗಾಂಧಿಯವರ ಸರ್ಕಾರವು 1989ರ ಮೇ ತಿಂಗಳಲ್ಲಿ ಲೋಕಸಭೆಯಲ್ಲಿ ಮಂಡಿಸಿತು. ಅಲ್ಲಿ ಸರ್ಕಾರಕ್ಕೆ ಭಾರಿ ಬಹುಮತವಿದ್ದುದರಿಂದ ವಿಧೇಯಕವು ಸುಲಭವಾಗಿ ಅಂಗೀಕಾರವಾಯಿತು. ಆದರೆ ಅದೇ ವರ್ಷ ಅಕ್ಟೋಬರ್ 13ರಂದು ರಾಜ್ಯಸಭೆಯಲ್ಲಿ ಕೆಲವೇ ಮತಗಳ ಕೊರತೆಯಿಂದ ಬಿದ್ದುಹೋಯಿತು. ರಾಜ್ಯಗಳನ್ನು ಬದಿಗಿರಿಸಿ ಕೇಂದ್ರವು ಪಂಚಾಯತಿಗಳೊಡನೆ ನೇರ ವ್ಯವಹಾರಕ್ಕೆ ಇಳಿಯುತ್ತಿದೆ ಎಂಬುದು ವಿರೋಧಿಸಿದವರ ಮುಖ್ಯ ಆಕ್ಷೇಪವಾಗಿತ್ತು. ರಾಜ್ಯಗಳ ಸದನವೆನಿಸಿದ ಮೇಲ್ಮನೆಯಲ್ಲಿ ಇಂತಹ ಆಕ್ಷೇಪಕ್ಕೆ ತೂಕ ಬಂದುದು ಸಹಜವೇ ಸರಿ.

ಮೂರು ವರ್ಷಗಳ ತರುವಾಯ ಪಿ. ವಿ. ನರಸಿಂಹ ರಾವ್ ಅವರ ಸರ್ಕಾರದ ಕಾಲದಲ್ಲಿ ಹೊಸ ವಿಧೇಯಕವು 1992ರ ಡಿಸೆಂಬರ್ 22ರಂದು ಲೋಕಸಭೆಯಲ್ಲಿಯೂ ಮರುದಿನ ರಾಜ್ಯಸಭೆಯಲ್ಲಿಯೂ ಅಂಗೀಕಾರ ಪಡೆಯಿತು. ಅರ್ಧಕ್ಕೂ ಹೆಚ್ಚು ರಾಜ್ಯಗಳ ಶಾಸನಸಭೆಗಳು ಅನುಮೋದಿಸಿದ ಬಳಿಕ, 73ನೇ ತಿದ್ದುಪಡಿಯಾಗಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಿತು. ಐದು ವರ್ಷಗಳ ಅವಧಿ, ಮಹಿಳೆಯರಿಗೆ ಹಾಗೂ ಪರಿಶಿಷ್ಟರಿಗೆ ಮೀಸಲಾತಿ, ರಾಜ್ಯ ಚುನಾವಣಾ ಆಯೋಗ, ರಾಜ್ಯ ಹಣಕಾಸು ಆಯೋಗ ಇವೆಲ್ಲವೂ ಅದರಿಂದಲೇ ಬಂದವು. ಮೊದಲ ಬಾರಿ ತಡೆದ ಮೇಲ್ಮನೆಯನ್ನು ಪಂಚಾಯತಿಗಳ ಶತ್ರುವೆಂದು ಬಗೆಯುವುದು ಸರಿಯಲ್ಲ. ಮೂರು ವರ್ಷ ತಡವಾದುದೂ ಸುಳ್ಳಲ್ಲ.

ರಾಜ್ಯದ ಎರಡು ಸದನಗಳು

ದೇಶದ ಆರು ರಾಜ್ಯಗಳಲ್ಲಿ ಮಾತ್ರ ವಿಧಾನ ಪರಿಷತ್ತು ಇದೆ, ಕರ್ನಾಟಕವು ಅವುಗಳಲ್ಲೊಂದು. ವಿಧಾನಸಭೆಯಲ್ಲಿ 224, ಪರಿಷತ್ತಿನಲ್ಲಿ 75 ಸ್ಥಾನಗಳಿವೆ. ಈ 75ರಲ್ಲಿ 25 ಮಂದಿಯನ್ನು ವಿಧಾನಸಭಾ ಸದಸ್ಯರು, 25 ಮಂದಿಯನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರು, ತಲಾ 7 ಮಂದಿಯನ್ನು ಪದವೀಧರರು ಮತ್ತು ಶಿಕ್ಷಕರು ಆರಿಸುತ್ತಾರೆ. 11 ಮಂದಿಯನ್ನು ರಾಜ್ಯಪಾಲರು ನಾಮಕರಣ ಮಾಡುತ್ತಾರೆ. ಪರಿಷತ್ತು ರಾಜ್ಯಸಭೆಗಿಂತ ದುರ್ಬಲವಾದ ಸದನ. ಇಲ್ಲಿ ಜಂಟಿ ಅಧಿವೇಶನವೆಂಬುದಿಲ್ಲ. ಸಾಮಾನ್ಯ ವಿಧೇಯಕವನ್ನು ಪರಿಷತ್ತು ಮೊದಲ ಸುತ್ತಿನಲ್ಲಿ ಮೂರು ತಿಂಗಳು, ವಿಧಾನಸಭೆಯು ಪುನಃ ಅಂಗೀಕರಿಸಿದರೆ ಇನ್ನೊಂದು ತಿಂಗಳು ತಡೆಹಿಡಿಯಬಲ್ಲದು, ಅಷ್ಟೇ. ಆದರೂ ಪ್ರಶ್ನೋತ್ತರ, ಗಮನ ಸೆಳೆಯುವ ಸೂಚನೆ, ಸಮಿತಿಗಳ ಪರಿಶೀಲನೆ ಇವೆಲ್ಲ ಅಲ್ಲಿಯೂ ಇವೆ. ಗ್ರಾಮ ಪಂಚಾಯತಿಯ ಅನುದಾನ, ಸಿಬ್ಬಂದಿ ಕೊರತೆ, ಕುಡಿಯುವ ನೀರಿನ ಯೋಜನೆ ಇಂತಹ ವಿಷಯಗಳಲ್ಲಿ ಸಚಿವರಿಂದ ಸದನದಲ್ಲಿ ಉತ್ತರ ಪಡೆಯಲು ಪರಿಷತ್ ಸದಸ್ಯರ ಮೂಲಕವೂ ಅವಕಾಶವಿದೆ. ಈ ದಾರಿಯನ್ನು ಪಂಚಾಯತಿಗಳು ಬಳಸುವುದು ಕಡಿಮೆ.

ಸದನಗಳ ನಡುವಣ ಹಾದಿಗೆ ಈ ಭಾಗದಲ್ಲಿಯೇ ನಿದರ್ಶನವಿದೆ. ಶ್ರೀ ಬಸವರಾಜ ಬೊಮ್ಮಾಯಿ ಅವರು ಧಾರವಾಡ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ಎರಡು ಬಾರಿ ಪರಿಷತ್ತಿಗೆ, 2008ರಿಂದ ಶಿಗ್ಗಾಂವಿಯಿಂದ ವಿಧಾನಸಭೆಗೆ ಆಯ್ಕೆಯಾಗಿ, 2024ರಲ್ಲಿ ಹಾವೇರಿಯಿಂದ ಲೋಕಸಭೆಗೆ ಹೋದರು. ಒಬ್ಬರು ಏಕಕಾಲಕ್ಕೆ ಎರಡೂ ಕಡೆ ಸದಸ್ಯರಾಗಿರಲು ಬಾರದ ಕಾರಣ ಅವರು ವಿಧಾನಸಭಾ ಸ್ಥಾನಕ್ಕೆ ರಾಜೀನಾಮೆಯಿತ್ತರು. ಅದೇ ವರ್ಷದ ನವೆಂಬರ್‌ನಲ್ಲಿ ಶಿಗ್ಗಾಂವಿಯಲ್ಲಿ ಉಪಚುನಾವಣೆ ನಡೆಯಿತು.

ಪ್ರಾಶಸ್ತ್ಯ ಮತದ ಕ್ರಮ

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳನ್ನೊಳಗೊಂಡ ಈ ಕ್ಷೇತ್ರಕ್ಕೆ 2021ರ ಡಿಸೆಂಬರ್ 10ರಂದು ಮತದಾನ ನಡೆದು, ಶ್ರೀ ಸಲೀಂ ಅಹ್ಮದ್ ಮತ್ತು ಶ್ರೀ ಪ್ರದೀಪ ಶೆಟ್ಟರ ಆಯ್ಕೆಯಾದರು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿ ಸದಸ್ಯರ ಅವಧಿ ಆಗಲೇ ಮುಗಿದಿದ್ದುದರಿಂದ ಮತದಾರರಲ್ಲಿ ಬಹುಪಾಲು ಗ್ರಾಮ ಪಂಚಾಯತಿ ಸದಸ್ಯರೇ ಆಗಿದ್ದರು.

ಇಲ್ಲಿ ಮತಯಂತ್ರವಿಲ್ಲ, ಮತಪತ್ರವಿದೆ. ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಪೆನ್ನಿನಿಂದಲೇ, ಮೆಚ್ಚಿದ ಅಭ್ಯರ್ಥಿಯ ಹೆಸರಿನ ಮುಂದೆ 1 ಎಂದು ಬರೆಯಬೇಕು. ಇಚ್ಛೆಯಿದ್ದಲ್ಲಿ ಉಳಿದವರಿಗೆ 2, 3 ಎಂದು ಮುಂದುವರಿಸಬಹುದು. ಕನ್ನಡ ಅಂಕಿಯೂ ಸಲ್ಲುತ್ತದೆ, ಆದರೆ ‘ಒಂದು’ ಎಂದು ಅಕ್ಷರದಲ್ಲಿ ಬರೆಯುವಂತಿಲ್ಲ. ಸರಿ ಗುರುತು ಹಾಕಿದರೆ, 1ನ್ನು ಇಬ್ಬರಿಗೆ ಬರೆದರೆ, ಸಹಿಯನ್ನೋ ಹೆಸರನ್ನೋ ಬರೆದರೆ ಮತ ತಿರಸ್ಕೃತವಾಗುತ್ತದೆ. ಎರಡು ಸ್ಥಾನಗಳಿರುವುದರಿಂದ ಕ್ರಮಬದ್ಧ ಮತಗಳ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಪಡೆದವರು ಗೆಲ್ಲುತ್ತಾರೆ. 3,000 ಕ್ರಮಬದ್ಧ ಮತಗಳಿದ್ದಲ್ಲಿ 1,000ಕ್ಕಿಂತ ಸ್ವಲ್ಪವೇ ಹೆಚ್ಚು ಸಾಕು. ಅದಕ್ಕೂ ಮೀರಿದ ಮತಗಳು, ಹಾಗೂ ಕೊನೆಯ ಸ್ಥಾನದಲ್ಲಿ ಹೊರಬಿದ್ದವರ ಮತಗಳು ಮುಂದಿನ ಪ್ರಾಶಸ್ತ್ಯದವರಿಗೆ ವರ್ಗವಾಗುತ್ತವೆ. ಎರಡನೆಯ ಪ್ರಾಶಸ್ತ್ಯದ ಮತವು ಮೊದಲ ಪ್ರಾಶಸ್ತ್ಯಕ್ಕೆ ಹಾನಿ ಮಾಡುವುದಿಲ್ಲ.

ರಾಜ್ಯಸಭಾ ಚುನಾವಣೆಯಲ್ಲಿ ಪಕ್ಷದ ಶಾಸಕರು ತಮ್ಮ ಮತಪತ್ರವನ್ನು ಪಕ್ಷದ ಪ್ರತಿನಿಧಿಗೆ ತೋರಿಸಬೇಕು. ಪಂಚಾಯತಿ ಸದಸ್ಯರ ಮತವು ಗುಪ್ತ. ಅದನ್ನು ತೋರಿಸೆಂದು ಕೇಳುವ ಅಧಿಕಾರ ಯಾರಿಗೂ ಇಲ್ಲ. ಅದಕ್ಕಾಗಿ ಹಣ ಕೊಡುವುದೂ ಪಡೆಯುವುದೂ ಶಿಕ್ಷಾರ್ಹ ಅಪರಾಧ.

ಈ ಹಕ್ಕು ಸದಸ್ಯತ್ವದೊಂದಿಗೆ ಬಂದು ಸದಸ್ಯತ್ವದೊಂದಿಗೇ ಹೋಗುತ್ತದೆ. ಕ್ಷೇತ್ರದ ಸ್ಥಳೀಯ ಸಂಸ್ಥೆಗಳಲ್ಲಿ ಶೇ. 75ರಷ್ಟು ಕಾರ್ಯನಿರತವಾಗಿದ್ದು, ಮತದಾರರಲ್ಲಿ ಶೇ. 75ರಷ್ಟು ಮಂದಿ ಲಭ್ಯರಿದ್ದಲ್ಲಿ ಮಾತ್ರ ಚುನಾವಣಾ ಆಯೋಗವು ಪರಿಷತ್ ಚುನಾವಣೆ ನಡೆಸುತ್ತದೆ. ಪಂಚಾಯತಿ ಚುನಾವಣೆಗಳು ಮುಂದೆ ಹೋಗಿ ಆಡಳಿತಾಧಿಕಾರಿಗಳು ಕುಳಿತರೆ ಮೇಲ್ಮನೆಯಲ್ಲಿ ಗ್ರಾಮಗಳ ಪರವಾದ ಕುರ್ಚಿಯೂ ಖಾಲಿ ಉಳಿಯುತ್ತದೆ. ಈಗಿನ ಇಬ್ಬರು ಸದಸ್ಯರ ಅವಧಿ 2028ರ ಜನವರಿಗೆ ಮುಗಿಯಲಿದೆ.