ಮನೆ ಕೊಳ್ಳುವ ಮುಂಚೆ ಗೋಡೆಯನ್ನೂ ಓದಿಸಿ



ಕ್ರಯಪತ್ರ, ಖಾತೆ, ಇ.ಸಿ., ಕಂದಾಯ ರಸೀದಿ – ಮನೆ ಕೊಳ್ಳುವಾಗ ಇವನ್ನೆಲ್ಲ ನೋಡಬೇಕು ಅಂತ ನಮ್ಮ ಸಂಘಗಳಲ್ಲಿ ಈಗ ಎಲ್ಲರಿಗೂ ಗೊತ್ತು. ಮನೆ ಯಾರದ್ದು, ಅದರ ಮೇಲೆ ಸಾಲ ಇದೆಯಾ ಎಂದು ಕಾಗದ ಹೇಳುತ್ತದೆ. ಆ ಮನೆ ಗಟ್ಟಿಯಾಗಿದೆಯಾ ಎಂದು ಯಾವ ಕಾಗದವೂ ಹೇಳುವುದಿಲ್ಲ. ಈ ಪಾಠ ಅದರ ಬಗ್ಗೆ.

2016ರ ಬೇಸಿಗೆಯಲ್ಲಿ ಹರಿಹರದ ಹತ್ತಿರ ನಮ್ಮ ಸಂಘದ ಒಬ್ಬ ಸದಸ್ಯೆ ಹಳೆಯ ತಾರಸಿ ಮನೆಯೊಂದನ್ನು ಕೊಂಡರು. ಹನ್ನೆರಡು ವರ್ಷ ಬಾಡಿಗೆ ಮನೆಯಲ್ಲಿದ್ದವರು. ಸಂಘದ ಉಳಿತಾಯದಿಂದ 60 ಸಾವಿರ ಸಾಲ, ಉಳಿದದ್ದು ಬ್ಯಾಂಕ್ ಸಾಲ, ಸ್ವಲ್ಪ ತವರಿನವರು ಕೊಟ್ಟದ್ದು. ಮನೆ ನೋಡಲು ನಾನೂ ಹೋಗಿದ್ದೆ. ಗೋಡೆಗೆ ಹೊಸ ಬಣ್ಣ, ಅಡಿಗೆ ಮನೆಗೆ ಹೊಸ ಟೈಲ್ಸ್. "ಸಿಸ್ಟರ್, ಮನಿ ಚೆನ್ನಾಗೈತಲ್ರೀ?" ಅಂತ ಕೇಳಿದರು. "ಚೆನ್ನಾಗಿದೆಯಮ್ಮಾ, ತಗೊಳ್ಳಿ" ಅಂದೆ. ನಾನು ಓದಿದ್ದು ಸಮಾಜಕಾರ್ಯ, ಗೋಡೆ ಓದಲು ನನಗೆ ಬರುವುದಿಲ್ಲ. ಬರುವುದಿಲ್ಲ ಅಂತ ಆ ದಿನ ಹೇಳಬೇಕಿತ್ತು.

ಅದೇ ಮಳೆಗಾಲದಲ್ಲಿ ಅಡಿಗೆ ಮನೆಯ ತಾರಸಿಯ ಅಡಿಭಾಗ ಕಳಚಿ ಬಿತ್ತು. ಬಿದ್ದದ್ದು ರೊಟ್ಟಿ ಬಡಿಯುವ ಜಾಗದಲ್ಲಿ. ದೇವರ ದಯೆ, ಆಕೆ ಆಗ ಹಿತ್ತಲಿನಲ್ಲಿದ್ದರು. ಮೇಲೆ ನೋಡಿದರೆ ಕಬ್ಬಿಣದ ಸರಳುಗಳು ತುಕ್ಕು ಹಿಡಿದು ಪದರ ಪದರವಾಗಿ ಎದ್ದಿವೆ. ತಾರಸಿ ರಿಪೇರಿಗೆ ಖರ್ಚಾದದ್ದು ಸಾಲದ ಕಂತಿಗೆಂದು ಇಟ್ಟ ಹಣ. ಕಂತು ನಿಂತಿತು. ಸಂಘದ 14 ಜನರಲ್ಲಿ ಮಾತು ಬೆಳೆಯಿತು. ಎಂಟು ತಿಂಗಳು ಒಳಸಾಲ ಕೊಡುವುದನ್ನೇ ನಿಲ್ಲಿಸಬೇಕಾಯಿತು. ಕಾಗದಪತ್ರ ಮಾತ್ರ ಎಲ್ಲವೂ ಸರಿಯಾಗಿತ್ತು!

ಆಗ ಕೆಲವರು ಕೇಳಿದ ಪ್ರಶ್ನೆ: "ಬ್ಯಾಂಕಿನ ಎಂಜಿನಿಯರ್ ಬಂದು ನೋಡಿ ಹೋಗಿದ್ದರಲ್ಲ?" ಹೌದು, ಬಂದಿದ್ದರು. ಆದರೆ ಅವರು ಬರುವುದು ಬ್ಯಾಂಕಿನ ಕೆಲಸಕ್ಕೆ. ಈ ಆಸ್ತಿಗೆ ಎಷ್ಟು ಬೆಲೆ ಬರುತ್ತದೆ, ಕೊಟ್ಟ ಸಾಲಕ್ಕೆ ಅದು ಸಾಕಾಗುತ್ತದೆಯಾ ಎಂದು ಲೆಕ್ಕ ಹಾಕುತ್ತಾರೆ. ಜಾಗದ ಬೆಲೆಯೇ ಸಾಲಕ್ಕಿಂತ ಹೆಚ್ಚಿದ್ದರೆ ತಾರಸಿಯ ಚಿಂತೆ ಬ್ಯಾಂಕಿಗೆ ಅಷ್ಟಾಗಿ ಇರುವುದಿಲ್ಲ. ಬ್ರೋಕರ್ ಕರೆತರುವ ಮೇಸ್ತ್ರಿಗೂ ವ್ಯಾಪಾರ ಕುದುರುವುದೇ ಮುಖ್ಯ. ನಿಮ್ಮ ಪರವಾಗಿ, ನಿಮ್ಮ ದುಡ್ಡಿನಲ್ಲಿ, ನಿಮಗಾಗಿ ಮನೆ ನೋಡುವವರು ಒಬ್ಬರು ಬೇಕು.

ಕಾನೂನಿನ ಮಾತನ್ನೂ ತಿಳಿದುಕೊಳ್ಳಿ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ಮಾರುವವರು ತಮಗೆ ಗೊತ್ತಿರುವ ದೊಡ್ಡ ದೋಷವನ್ನು ಕೊಳ್ಳುವವರಿಗೆ ತಿಳಿಸಬೇಕು. ಆದರೆ ಯಾವ ದೋಷ? ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಸಿಗದಂಥ ದೋಷ. ನೋಡಿದ್ದರೆ ಕಾಣುತ್ತಿತ್ತು ಎನ್ನುವಂಥದ್ದನ್ನು ನೀವು ನೋಡದೇ ಕೊಂಡರೆ, ಆಮೇಲೆ ಕೇಳುವುದು ಬಹಳ ಕಷ್ಟ. ಹೊಸ ಅಪಾರ್ಟ್‌ಮೆಂಟ್ ಕಟ್ಟಿ ಮಾರುವವರ ವಿಷಯ ಬೇರೆ. 2016ರ ರೇರಾ ಕಾಯ್ದೆಯಡಿ ಬರುವ ಯೋಜನೆಯಾದರೆ, ಮನೆ ವಶಕ್ಕೆ ಕೊಟ್ಟ 5 ವರ್ಷದೊಳಗೆ ಕಟ್ಟಡದ ದೋಷ ತಿಳಿಸಿದಲ್ಲಿ ಅವರು 30 ದಿನದಲ್ಲಿ ಸ್ವಂತ ಖರ್ಚಿನಿಂದ ಸರಿ ಮಾಡಿಕೊಡಬೇಕು. ನಾವು ಕೊಳ್ಳುವುದು ಹೆಚ್ಚಾಗಿ ಯಾರೋ ವಾಸವಿದ್ದ ಹಳೆ ಮನೆ. ಅದಕ್ಕೆ ಈ ರಕ್ಷಣೆ ಇಲ್ಲ.

ಬೆಂಗಳೂರಿನಲ್ಲಿ ಮನೆ ತಪಾಸಣೆಗೆಂದೇ ಕಂಪನಿಗಳಿವೆ. ನಮ್ಮ ಊರುಗಳಲ್ಲಿ ಒಬ್ಬ ಅನುಭವಿ ಸಿವಿಲ್ ಎಂಜಿನಿಯರ್ ಸಾಕು. ಆ ಮನೆ ಕಟ್ಟಿದವರು, ಮಾರುವವರ ನೆಂಟರು ಆಗಿರಬಾರದು. ಫೀಸು ಎಷ್ಟು ಎಂದು ಮೊದಲೇ ಮಾತಾಡಿ. ಬಾಯಿಮಾತಿನ ಅಭಿಪ್ರಾಯ ಬೇಡ. ಏನೇನು ದೋಷ, ಸರಿಪಡಿಸಲು ಅಂದಾಜು ಎಷ್ಟು ಖರ್ಚು ಎಂದು ಬರೆದು ಸಹಿ ಮಾಡಿ ಕೊಡಲಿ. ವಾಸ್ತು ಕೇಳುವುದಕ್ಕೆ ಹಣ ಕೊಡಲು ನಾವು ಹಿಂದೆಮುಂದೆ ನೋಡುವುದಿಲ್ಲ. ಎಂಜಿನಿಯರ್ ಫೀಸು ಅಂದ ಕೂಡಲೇ "ದಂಡ" ಅನ್ನಿಸುತ್ತದೆ!

ಅವರು ನೋಡುವಾಗ ನೀವೂ ಜೊತೆಯಲ್ಲಿರಿ, ಕೇಳಿ. ಮುಖ್ಯವಾಗಿ ಬಿರುಕು. ಗಾರೆಯ ಮೇಲೆ ಕೂದಲೆಳೆಯಂತೆ ಇರುವ ಬಿರುಕುಗಳಿಗೆ ಸಾಮಾನ್ಯವಾಗಿ ಹೆದರಬೇಕಿಲ್ಲ. ಕಿಟಕಿ, ಬಾಗಿಲಿನ ಮೂಲೆಯಿಂದ ಓರೆಯಾಗಿ ಹೋಗುವ ಬಿರುಕು, ಇಟ್ಟಿಗೆ ಸಂದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಬಿರುಕು, ಗೋಡೆಯ ಎರಡೂ ಕಡೆ ಒಂದೇ ಜಾಗದಲ್ಲಿ ಕಾಣುವ ಬಿರುಕು – ಇವು ಪಾಯ ಕುಸಿದಿರುವ ಸೂಚನೆ ಇರಬಹುದು. ದಾವಣಗೆರೆ, ಹರಿಹರ, ಚಳ್ಳಕೆರೆ ಕಡೆಯ ಎರೆ ಭೂಮಿಯಲ್ಲಿ ಇದು ಇನ್ನೂ ಹೆಚ್ಚು. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಾಯಿ ಬಿಡುತ್ತದೆ. ಮೇಲೆ ಕಟ್ಟಿದ ಮನೆಯೂ ಅದರ ಜೊತೆ ಏರಿಳಿಯುತ್ತದೆ. ಪಾಯ ಎಷ್ಟು ಆಳ ಹೋಗಿದೆ ಎಂದು ಕೇಳಲೇಬೇಕು. ಮನೆಯೆಲ್ಲ ಹಳೇ ಬಣ್ಣ ಇದ್ದು ಒಂದೇ ಗೋಡೆಗೆ ಹೊಸ ಬಣ್ಣ ಬಳಿದಿದ್ದರೆ, ಆ ಗೋಡೆಗೆ ಮಾತ್ರ ಯಾಕೆ ಎಂದು ಕೇಳಿ.

ತಾರಸಿಯ ಅಡಿಯಲ್ಲಿ ಕಂದು ಕಲೆ, ಉಬ್ಬು, ಸರಳಿನ ಗುಂಟ ಉದ್ದುದ್ದ ಬಿರುಕು ಇದ್ದರೆ ಒಳಗೆ ಕಬ್ಬಿಣ ತುಕ್ಕು ಹಿಡಿಯುತ್ತಿದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಾಂಕ್ರೀಟನ್ನು ಒಡೆದು ಹಾಕುತ್ತದೆ. ಎಂಜಿನಿಯರ್ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡುತ್ತಾರೆ. ಪೊಳ್ಳು ಶಬ್ದ ಬಂದರೆ ಅಲ್ಲಿ ಪದರ ಬಿಟ್ಟುಕೊಂಡಿದೆ ಎಂದರ್ಥ. ನಾವು ಹೋದ ದಿನ ಯಾರೂ ತಟ್ಟಲಿಲ್ಲ.

ಸಾಗರ, ತೀರ್ಥಹಳ್ಳಿ ಕಡೆಯ ಹೆಂಚಿನ ಮನೆಯಾದರೆ ಪಕಾಸು, ರೀಪು ನೋಡಿಸಿ. ಹೊರಗೆ ಚೆನ್ನಾಗಿರುವ ಮರವನ್ನು ಗೆದ್ದಲು ಒಳಗೇ ತಿಂದಿರುತ್ತದೆ. ಸ್ಕ್ರೂಡ್ರೈವರ್ ಒತ್ತಿದರೆ ಸಲೀಸಾಗಿ ಒಳಗೆ ಹೋಗುತ್ತದೆ. ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಬಿಟ್ಟಿದ್ದರೆ ನೆಲದಿಂದ ತೇವ ಏರುತ್ತಿದೆ. ಕರೆಂಟಿನ ಅರ್ಥಿಂಗ್ ಸರಿಯಿದೆಯಾ, ಬಾವಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನೀರಿರುತ್ತದೆಯಾ, ಶೌಚಾಲಯದ ಗುಂಡಿ ಬಾವಿಗೆ ತೀರಾ ಹತ್ತಿರ ಇದೆಯಾ – ಇವನ್ನೂ ಬಿಡಬೇಡಿ. ನೀರು ಮತ್ತು ಅಡಿಗೆ ಮನೆಯ ವಿಷಯದಲ್ಲಿ ಅಕ್ಕಪಕ್ಕದ ಹೆಂಗಸರು ಹೇಳುವಷ್ಟು ನಿಜ ಬೇರೆ ಯಾರೂ ಹೇಳುವುದಿಲ್ಲ. ಸಾಧ್ಯವಾದರೆ ಒಂದು ಸಲ ಜೋರು ಮಳೆಯಲ್ಲಿ ಹೋಗಿ ನೋಡಿ.

ಇದೆಲ್ಲ ಅಡ್ವಾನ್ಸ್ ಕೊಡುವ ಮೊದಲು ಆಗಬೇಕು. "ಬೇರೆಯವರು ಕಾಯ್ತಾ ಇದ್ದಾರೆ, ಇವತ್ತೇ ಕೊಡಿ" ಅಂತ ಅವಸರ ಮಾಡಿದರೆ, ಕರಾರು ಪತ್ರದಲ್ಲಿ ಒಂದು ಸಾಲು ಬರೆಸಿ: ಎಂಜಿನಿಯರ್ ತಪಾಸಣೆಯಲ್ಲಿ ಕಟ್ಟಡದ ದೊಡ್ಡ ದೋಷ ಕಂಡುಬಂದರೆ ಮುಂಗಡ ಹಣ ಪೂರ್ತಿ ವಾಪಸ್. ಈ ಸಾಲಿಗೆ ಒಪ್ಪದೇ ಇದ್ದರೆ ಅದೂ ಒಂದು ಉತ್ತರವೇ.

ದೋಷ ಸಿಕ್ಕಿದ ಮಾತ್ರಕ್ಕೆ ಮನೆ ಬಿಡಬೇಕು ಎಂದಿಲ್ಲ. ಸಾಗರ ಕಡೆಯ ಒಬ್ಬ ಸದಸ್ಯೆಯ ವರದಿಯಲ್ಲಿ ಪಕಾಸು ಬದಲಿಸಲು 70 ಸಾವಿರ ಬೇಕು ಎಂದಿತ್ತು. ಅದನ್ನು ಮುಂದಿಟ್ಟು ಮಾತಾಡಿದರು. ಮಾರುವವರು ಮೊದಲು ಸಿಟ್ಟು ಮಾಡಿದರು, ವಾರ ಬಿಟ್ಟು 50 ಸಾವಿರ ಇಳಿಸಿದರು. ಈಗ ಆಕೆ ಆ ಮನೆಯಲ್ಲೇ ಇದ್ದಾರೆ.

ಹರಿಹರದ ಆ ಸಂಘ ಈಗ ಒಂದು ನಿರ್ಣಯ ಬರೆದಿಟ್ಟಿದೆ. ಮನೆ ಕೊಳ್ಳಲು ಸಾಲ ಕೇಳುವವರು ಇ.ಸಿ. ಜೊತೆ ಎಂಜಿನಿಯರ್ ವರದಿಯನ್ನೂ ತರಬೇಕು. ಫೀಸಿನ ಅರ್ಧ ಸಂಘದ್ದು. ಈ ನಿರ್ಣಯ ಸೂಚಿಸಿದವರು ತಾರಸಿ ಬಿದ್ದ ಮನೆಯ ಆ ಸದಸ್ಯೆಯೇ.

ಮುಂದಿನ ಸಭೆಯಲ್ಲಿ ಚರ್ಚಿಸಿ:

ನಿಮ್ಮ ಸಂಘದಲ್ಲಿ ಇಂಥ ನಿರ್ಣಯ ಬೇಕಾ? ಫೀಸು ಯಾರು ಕೊಡಬೇಕು?

ನಿಮ್ಮ ಊರಿನಲ್ಲಿ ನಂಬುವಂಥ ಸಿವಿಲ್ ಎಂಜಿನಿಯರ್ ಯಾರಿದ್ದಾರೆ? ಇಬ್ಬರು ಹೋಗಿ ಮಾತಾಡಿ ಬನ್ನಿ.

ಸಭೆಗೆ ಬರುವ ಮುಂಚೆ ನೀವು ಈಗಿರುವ ಮನೆಯ ಒಂದು ಬಿರುಕು ಹುಡುಕಿ. ಅದು ಮುಗಿಯುವ ತುದಿಯಲ್ಲಿ ಪೆನ್ಸಿಲಿನಿಂದ ಅಡ್ಡ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಮೂರು ತಿಂಗಳ ನಂತರ ಬಿರುಕು ಆ ಗೆರೆ ದಾಟಿದೆಯಾ ನೋಡಿ ಬಂದು ಹೇಳಿ.