ಮಹಾನಗರದ ಸೌಧಗಳೂ ಉಷ್ಣದ ಲೆಕ್ಕವೂ

ಗದಗ ಸೀಮೆಯ ಅಂತೂರ-ಬೆಂತೂರದಂತಹ ಊರುಗಳಲ್ಲಿ, ಬೇಸಗೆಯ ನಡುಹಗಲಿನಲ್ಲಿ ಮಣ್ಣಿನ ಮಾಳಿಗೆಯ ಹಳೆಯ ಮನೆಯನ್ನು ಹೊಕ್ಕವರಿಗೆ ತಂಪೆನಿಸುತ್ತದೆ. ನಗರದ ಗಾಜಿನ ಸೌಧವಾದರೋ ಯಂತ್ರದ ನೆರವಿಲ್ಲದೆ ತಂಪಾಗಿರಲಾರದು. ಈ ಭೇದಕ್ಕೆ ಕಾರಣವೇನು?

ಗೋಡೆಯ ಹೊರಮೈಗೆ ತಗಲಿದ ಹಗಲಿನ ಉಷ್ಣವು ಅಲೆಯಂತೆ ಒಳಕ್ಕೆ ಸಾಗುತ್ತದೆ. ಮಣ್ಣಿನ ಗೋಡೆಯಲ್ಲಿ 12 ಸೆಂಟಿಮೀಟರ್ ಸಾಗಲು ಅದಕ್ಕೆ ಸುಮಾರು 4 ಗಂಟೆ ಬೇಕು. ಅಷ್ಟರಲ್ಲಿ ಅದರ ಏರಿಳಿತವು ಮೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚು ಮಾತ್ರ ಉಳಿಯುತ್ತದೆ. ಗೋಡೆಯ ದಪ್ಪವು 36 ಸೆಂಟಿಮೀಟರ್ ಆದರೆ ನಡುಹಗಲಿನ ಬಿಸಿಯು ಒಳಗೆ ತಲಪುವುದು ನಡುರಾತ್ರಿಗೆ, ಅದೂ ಇಪ್ಪತ್ತರಲ್ಲೊಂದು ಪಾಲಾಗಿ! ಕೆಲವೇ ಮಿಲಿಮೀಟರ್ ದಪ್ಪದ ಗಾಜಿಗೆ ಈ ಗುಣವಿಲ್ಲ. ಮೇಲಾಗಿ ಬಿಸಿಲು ಅದರ ಮೂಲಕ ನೇರವಾಗಿಯೇ ಒಳನುಗ್ಗುತ್ತದೆ.

ಹೀಗೆ ಒಳಬಂದ ಉಷ್ಣವನ್ನು ಹೊರಹಾಕಲು ವಿದ್ಯುತ್ತು ಬೇಕು. ಒಂದೂವರೆ ಟನ್ನಿನ ಏರ್‌ಕಂಡಿಷನರ್ ಗಂಟೆಗೆ ಸುಮಾರು ಒಂದೂವರೆ ಯೂನಿಟ್ಟಿನಂತೆ 8 ಗಂಟೆಗಳಲ್ಲಿ 12 ಯೂನಿಟ್ಟನ್ನು ಬಳಸುವುದೆಂದು ಭಾವಿಸೋಣ. ಭಾರತದ ವಿದ್ಯುತ್ತಿನ ಬಹುಪಾಲು ಕಲ್ಲಿದ್ದಲಿನಿಂದ ಬರುವುದರಿಂದ, ಪ್ರತಿ ಯೂನಿಟ್ಟಿಗೆ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ವಾತಾವರಣವನ್ನು ಸೇರುತ್ತದೆ. ಎಂದರೆ ಒಂದೇ ಯಂತ್ರದಿಂದ ದಿನಕ್ಕೆ 8.4 ಕಿಲೋಗ್ರಾಂ! ದೊಡ್ಡ ಸೌಧಗಳಲ್ಲಿ ಇಂತಹ ನೂರಾರು ಯಂತ್ರಗಳಷ್ಟು ಹೊರೆಯಿರುತ್ತದೆ.

ಹಾಗಾದರೆ ನಗರದಲ್ಲೆಲ್ಲ ಮಣ್ಣಿನ ಗೋಡೆಯನ್ನೇ ಕಟ್ಟಬೇಕೇ? ಬೇಕಿಲ್ಲ, ಅದರ ತತ್ತ್ವವನ್ನು ಗ್ರಹಿಸಿದರೆ ಸಾಕು. ಬೆಂಗಳೂರಿನ ದೊಮ್ಮಲೂರಿನಲ್ಲಿರುವ ಟೆರಿ ಸಂಸ್ಥೆಯ ಕಟ್ಟಡವು ಇದಕ್ಕೆ ನಿದರ್ಶನ. ವಾಸ್ತುಶಿಲ್ಪಿ ಸಂಜಯ ಮೋಹೆಯವರು ಅದರ ದಕ್ಷಿಣಕ್ಕೆ ಕಡಪ ಕಲ್ಲಿನ ಹೊದಿಕೆಯುಳ್ಳ ಜೋಡಿಗೋಡೆಯನ್ನು ರಚಿಸಿದ್ದಾರೆ. ಬಿಸಿಲಿಗೆ ಕಾದ ಕಪ್ಪು ಕಲ್ಲಿನಿಂದ ಗೋಡೆಗಳ ನಡುವಣ ಗಾಳಿಯು ಬಿಸಿಯಾಗಿ, ಹಗುರಾಗಿ ಮೇಲೇರುತ್ತದೆ. ತೆರವಾದ ಎಡೆಯನ್ನು ತುಂಬಲು ಉತ್ತರದಿಕ್ಕಿನ ತಂಗಾಳಿಯು ಕಟ್ಟಡದೊಳಗೆ ಹಾದುಬರುತ್ತದೆ. ಸೆಕೆಗೆ ಕಾರಣನಾದ ಸೂರ್ಯನಿಂದಲೇ ಗಾಳಿ ಬೀಸಿಸಿಕೊಳ್ಳುವ ಉಪಾಯವಿದು!

ಗದಗ ಜಿಲ್ಲೆಯ ಗಾಳಿಯಂತ್ರಗಳು ನೀಡುವ ವಿದ್ಯುತ್ತಿಗೆ ಕಲ್ಲಿದ್ದಲು ಬೇಕಿಲ್ಲ, ನಿಜ. ಆದರೆ ಉಷ್ಣವನ್ನು ಒಳಗೆ ಬಿಟ್ಟುಕೊಂಡು ಬಳಿಕ ವಿದ್ಯುತ್ತನ್ನು ಹುಡುಕುವುದಕ್ಕಿಂತ, ಅದನ್ನು ಹೊಸ್ತಿಲಲ್ಲಿಯೇ ತಡೆಯುವುದು ಜಾಣತನ. ಒಮ್ಮೆ ಎದ್ದ ಕಟ್ಟಡವು ಐವತ್ತು ವರ್ಷಗಳಿಗೂ ಮಿಕ್ಕಿ ನಿಲ್ಲುತ್ತದೆ. ನಕಾಶೆಯಲ್ಲಾದ ತಪ್ಪಿಗೆ ಅಷ್ಟು ಕಾಲವೂ ಬೆಲೆ ತೆರಬೇಕಾಗುತ್ತದೆ.

ಒಂದು ಸುಲಭ ಪ್ರಯೋಗವನ್ನು ವಿದ್ಯಾರ್ಥಿಗಳು ಮಾಡಿನೋಡಬಹುದು. ಒಂದೇ ಅಳತೆಯ ಎರಡು ತಗಡಿನ ಡಬ್ಬಗಳಲ್ಲಿ ಒಂದಕ್ಕೆ ಸುಣ್ಣವನ್ನೂ ಇನ್ನೊಂದಕ್ಕೆ ಮಸಿಯನ್ನೂ ಬಳಿದು ಬಿಸಿಲಲ್ಲಿಡಿರಿ. ಗಂಟೆಯ ಬಳಿಕ ಉಷ್ಣಮಾಪಕದಿಂದ ಒಳಗಿನ ಗಾಳಿಯ ಉಷ್ಣತೆಯನ್ನು ಅಳೆದರೆ, ಮಾಳಿಗೆಗೆ ಸುಣ್ಣ ಬಳಿಯುವುದರ ಪ್ರಯೋಜನವು ತಾನಾಗಿ ತಿಳಿಯುವುದು.