‘ನಾಳೆ ಬನ್ನಿ’ ಎಂಬುದಕ್ಕೊಂದು ತಾರೀಕು

ಡೋರ್ ನಂಬ್ರ ಸಿಗದಿದ್ದರೆ, ಖಾತಾ ಬದಲಾಗದಿದ್ದರೆ ಮಂಗಳೂರಿನವರು ಮೊದಲು ಫೋನ್ ಮಾಡುವುದು ಕಾರ್ಪೊರೇಟರ್‌ಗೆ. 2019ರ ನವೆಂಬರ್‌ನಲ್ಲಿ 60 ವಾರ್ಡ್‌ಗಳಿಗೆ ಆಯ್ಕೆಯಾದ ಪಾಲಿಕೆ ಪರಿಷತ್ತಿನ ಅವಧಿ 2025ರ ಫೆಬ್ರವರಿಗೆ ಮುಗಿದಾಗ ಆ ಫೋನ್‌ಗೆ ಬಲವಿಲ್ಲದಾಯಿತು. ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ನಡೆದಿರಬೇಕು ಎನ್ನುತ್ತದೆ ಸಂವಿಧಾನದ 243ಯು ವಿಧಿ. ನಡೆಯಲಿಲ್ಲ; ಲಾಲ್‌ಬಾಗ್‌ನ ಪಾಲಿಕೆ ಕಟ್ಟಡ ಆಡಳಿತಾಧಿಕಾರಿಯ ಕೈಗೆ ಹೋಯಿತು. ಜನರೂ ಸೇರಿ ಕೂರಬೇಕಾದ ವಾರ್ಡ್ ಸಮಿತಿಗೆ ಕಾನೂನಿನ ಪ್ರಕಾರ ಕಾರ್ಪೊರೇಟರೇ ಅಧ್ಯಕ್ಷ. ಅವರಿಲ್ಲದೆ ಅದೂ ತಲೆಯಿಲ್ಲದ ಸಮಿತಿಯೇ.

ಓಟು ಕೇಳಿ ಬರಬೇಕಿಲ್ಲದ ಅಧಿಕಾರಿಯನ್ನು ಉತ್ತರಕ್ಕೆ ಎಳೆಯುವುದು ಹಾಗಾದರೆ ಹೇಗೆ? ಕಾಗದದಿಂದ.

ಅರ್ಜಿ ಕೊಟ್ಟು ಬರಿಗೈಯಲ್ಲಿ ಹೊರಗೆ ಬರಬೇಡಿ. ‘ಸಕಾಲ’ ಎಂದು ನಾವು ಕರೆಯುವ, 2011ರ ಕರ್ನಾಟಕ ನಾಗರಿಕ ಸೇವೆಗಳ ಖಾತರಿ ಕಾಯ್ದೆ, ಪಟ್ಟಿಯಲ್ಲಿರುವ ಪ್ರತಿ ಸೇವೆಗೂ ಇಂತಿಷ್ಟು ದಿನ ಎಂದು ಗಡುವು ಇಟ್ಟಿದೆ. ಅರ್ಜಿಗೆ ಸ್ವೀಕೃತಿ ಚೀಟಿ, ಅದರಲ್ಲಿ ಜಿಎಸ್‌ಸಿ ಸಂಖ್ಯೆ ಸಿಗಬೇಕು. 2012ರ ಮಾರ್ಚ್‌ನಲ್ಲಿ ಈ ವ್ಯವಸ್ಥೆಯನ್ನು ಪ್ರಯೋಗಕ್ಕಿಟ್ಟ ನಾಲ್ಕು ತಾಲ್ಲೂಕುಗಳಲ್ಲಿ ನಮ್ಮ ಪುತ್ತೂರೂ ಒಂದು. ಏಪ್ರಿಲ್ 2ರಂದು ಅದು ರಾಜ್ಯಕ್ಕೆಲ್ಲ ಬಂತು. ಇಷ್ಟು ವರ್ಷವಾದರೂ ಚೀಟಿ ಕೇಳಲು ಸಂಕೋಚಪಡುವವರೇ ಹೆಚ್ಚು. ‘ಎಂತಕ್ಕೆ ಮಾರಾಯ್ರೇ, ಅವರಿಗೆ ಬೇಜಾರಾದರೆ ಕೆಲಸವೇ ಆಗಲಿಕ್ಕಿಲ್ಲ’ ಎಂಬ ಅಂಜಿಕೆ. ಚೀಟಿ ಇಲ್ಲದಿದ್ದರೆ ಗಡುವು ಎಲ್ಲಿಂದ ಎಣಿಸುವುದು?

ಗಡುವು ಮೀರಿದರೆ, ಅಥವಾ ಅರ್ಜಿ ತಿರಸ್ಕೃತವಾದರೆ, 30 ದಿನದೊಳಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ತಡವಾದ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಇಪ್ಪತ್ತು ರೂಪಾಯಿಗೆ ಒಂದು ಪ್ಲೇಟ್ ಗೋಳಿಬಜೆ ಸಿಗುವುದೂ ಕಷ್ಟ, ನಿಜ. ಆದರೆ ಆ ಹಣ ವಸೂಲಾಗುವುದು ತಪ್ಪಿತಸ್ಥ ನೌಕರನಿಂದ. ಚುರುಕು ಮುಟ್ಟುವುದು ಅಲ್ಲಿ.

ಸಕಾಲದ ಪಟ್ಟಿಯಲ್ಲಿಲ್ಲದ ಕೆಲಸಕ್ಕೂ 2005ರ ಮಾಹಿತಿ ಹಕ್ಕು ಇದೆ. ಶುಲ್ಕ 10 ರೂಪಾಯಿ. ಬಿಪಿಎಲ್‌ನವರಿಗೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಇಲ್ಲಿ ಎಡವುವವರು ಬಹಳ: ರಸ್ತೆ, ಚರಂಡಿ, ಬೀದಿದೀಪ ಎಲ್ಲವನ್ನೂ ಒಂದರಲ್ಲೇ ತುರುಕುತ್ತಾರೆ. 30 ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲಿಯೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ಸಕಾರಣವಿಲ್ಲದೆ ತಡ ಮಾಡಿದ ಮಾಹಿತಿ ಅಧಿಕಾರಿಗೆ ಆಯೋಗ ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ದಂಡ ಹಾಕಬಹುದು.

‘ಯಾಕೆ ಮಾಡಲಿಲ್ಲ?’ ಎಂದು ಕೇಳಬೇಡಿ. ದಾಖಲೆಯಲ್ಲಿ ಇಲ್ಲದ ಕಾರಣವನ್ನು ಅವರು ಕೊಡಬೇಕಾಗಿಲ್ಲ. ಹೀಗೆ ಬರೆಯಿರಿ: ‘ಇಂಥ ತಾರೀಕಿನ ನನ್ನ ಅರ್ಜಿಯ ಕಡತ ಯಾವ ಯಾವ ಅಧಿಕಾರಿಯ ಬಳಿ ಎಂದಿನಿಂದ ಎಂದಿನವರೆಗೆ ಇತ್ತು ಎಂಬ ವಿವರ ಹಾಗೂ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ.’